ಅಪ್‌ಡೇಟ್: ಒಡೆದು ಬಂದ ಮಿಕ್ಸಿಯ ಹಣ ವಾಪಸ್ ಬಂತು

ಆನ್‌ಲೈನಲ್ಲಿ ತರಿಸಿದ ಮಿಕ್ಸಿಯ ಜಾರ್ ಸೀಳಿಕೊಂಡು ಬಂದಿತ್ತು, ‘ಇದಕ್ಕೆ ರಿಟರ್ನ್ ಇಲ್ಲ’ ಅಂತ ಮಾರಾಟಗಾರರು ಕೈ ತೊಳೆದುಕೊಂಡಿದ್ದರು, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಪೂರ್ತಿ ಹಣ ಖಾತೆಗೆ ಬಂದಿದೆ!

ಕೆಲಸ ಮಾಡಿದ್ದು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ಎಂದವರ ಸಲಹೆ. ಕನ್ನಡದಲ್ಲೇ ದೂರು ಬರೆಸಿಕೊಂಡರು. ಬಿಲ್ಲು, ಡಬ್ಬಿ ಬಿಚ್ಚುವಾಗಿನ ವಿಡಿಯೊ, ಚಾಟ್‌ನ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿದೆ. ಆಮೇಲೆ ಕಂಪನಿಯವರೇ ಫೋನ್ ಮಾಡಿದರು. ಕಸ್ಟಮರ್ ಕೇರ್ ಚಾಟ್‌ನಲ್ಲಿ ಮತ್ತೆ ಮತ್ತೆ ಕೇಳಿದ್ದರಿಂದ ಏನೂ ಆಗಲಿಲ್ಲ. ಬ್ಯಾಂಕ್ ಮೂಲಕ ಚಾರ್ಜ್‌ಬ್ಯಾಕ್ (ಕಾರ್ಡ್‌ನಲ್ಲಿ ಕೊಟ್ಟ ಹಣವನ್ನು ಬ್ಯಾಂಕೇ ವಾಪಸ್ ತರಿಸುವುದು) ನನಗೆ ಆಗುವಂತಿರಲಿಲ್ಲ, ನಾನು ಕೊಟ್ಟಿದ್ದು ಕ್ಯಾಶ್ ಆನ್ ಡೆಲಿವರಿ.

ನನಗೆ ಆಶ್ಚರ್ಯವಾಗಿದ್ದು 2020ರ ಇ-ಕಾಮರ್ಸ್ ನಿಯಮಗಳು. ದೋಷವಿರುವ ವಸ್ತುವನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗೇ ಇಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಅನ್ನಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಮ್ಮಮ್ಮನಂಥವರಿಗೆ ಇದನ್ನು ಯಾರೂ ಹೇಳುವುದಿಲ್ಲವಲ್ಲ ಅಂತ ನಿಜವಾಗಲೂ ಬೇಜಾರಾಯಿತು.

ಸಹಾಯವಾಣಿಯಿಂದಲೂ ಆಗದಿದ್ದರೆ ನಮ್ಮ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು, ಮಾರಾಟಗಾರ ಎಲ್ಲೇ ಇರಲಿ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷದ ಗಡುವಿದೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.