ಸಹಾಯ ಬೇಕು: ಔಟ್‌ಲುಕ್ ಕ್ಯಾಲೆಂಡರ್‌ನಲ್ಲಿ ಒಂದು ದಿನದ ರಜೆ ಎರಡು ದಿನ ಆಗಿದೆ

ನಮಸ್ಕಾರ, ಮಂಗಳೂರಲ್ಲಿ ಕೂತು ದುಬೈ ಆಫೀಸಿಗೆ ಕೆಲಸ ಮಾಡುವವರು ಇಲ್ಲಿ ಇದ್ದೀರಾ? ನನ್ನ ಲ್ಯಾಪ್‌ಟಾಪ್ ಅಲ್ಲಿಂದಲೇ ಬಂದದ್ದು, ಟೈಮ್ ಝೋನ್ ಕೂಡ ಅಲ್ಲಿಯದ್ದೇ ಇತ್ತು. ಅವರ 10 ಗಂಟೆ ಅಂದರೆ ನಮಗೆ 11.30 ಅಲ್ವಾ, ನಾನು ಸ್ಕ್ರೀನ್ ನೋಡಿ 10ಕ್ಕೇ ಕಾಲ್‌ಗೆ ಸೇರಿ ಒಬ್ಬಳೇ ಕಾದು, ಕೊನೆಗೆ ಗೋಳಿಬಜೆ ತಿನ್ನಲು ಹೋದೆ! ಆಮೇಲೆ ಫೈಲ್, ಆಪ್ಷನ್ಸ್, ಕ್ಯಾಲೆಂಡರ್‌ಗೆ ಹೋಗಿ ಟೈಮ್ ಝೋನ್ ಅನ್ನು ಭಾರತದ್ದಕ್ಕೆ ಬದಲಾಯಿಸಿದೆ. ಮೀಟಿಂಗ್ ಸರಿಯಾಯಿತು. ಆದರೆ ಮೊದಲೇ ಹಾಕಿದ್ದ ಇಡೀ ದಿನದ ಎಂಟ್ರಿಗಳೆಲ್ಲ ರಾತ್ರಿ 1.30ರಿಂದ ಮರುದಿನ 1.30ರವರೆಗೆ ಅಂತ ತೋರಿಸುತ್ತಿವೆ, ಮೊಸರುಕುಡಿಕೆ ರಜೆ ಎರಡು ದಿನಕ್ಕೆ ಹಬ್ಬಿದೆ, ಬಾಸ್ ಬೇರೆ ಕೇಳುತ್ತಿದ್ದಾರೆ. ಒಂದೊಂದೇ ತೆರೆದು ತಿದ್ದದೆ ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ದಾರಿ ಉಂಟಾ?