ಆರ್‌ಸಿ ಇಲ್ಲದ ಹಳೆಯ ಯೆಜ್ಡಿ: ನನ್ನ ಹೆಸರಿಗೆ ಮಾಡಿಸಲು ದಾರಿ ಇದೆಯೇ?

ಹೇಮಾವತಿ ದಡ

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರದ ಗ್ಯಾರೇಜೊಂದರಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿದ್ದ ಹಳೆಯ ಬೈಕ್, ಯೆಜ್ಡಿ ರೋಡ್‌ಕಿಂಗ್‌ಗೆ ಸ್ವಲ್ಪ ಮುಂಗಡ ಕೊಟ್ಟು ಹಿಡಿದಿಟ್ಟಿದ್ದೇನೆ. 1986ರ ಗಾಡಿ ಎನ್ನುತ್ತಾರೆ ಮೆಕ್ಯಾನಿಕ್. ನೋಂದಣಿ ಮೈಸೂರಿನದು. ಕೆಎ ಬರುವುದಕ್ಕೂ ಮುಂಚಿನ ಮೂರಕ್ಷರದ ಸಂಖ್ಯೆ. ಕಿಕ್ ಹೊಡೆದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ, ಜೋಡಿ ಸೈಲೆನ್ಸರ್ ಮೂಲದ್ದೇ, ಟ್ಯಾಂಕಿನಲ್ಲಿ ಮಾತ್ರ ತುಕ್ಕು.

ಕಾಗದಗಳ ಸ್ಥಿತಿ ಹೀಗಿದೆ: ಆರ್‌ಸಿ ಇಲ್ಲ. ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ವಿಮೆ ಪತ್ರದ ಮೇಲಿನ ಅರ್ಧ ಸಿಕ್ಕಿತು. ಅದರಲ್ಲಿ ಮಾಲೀಕರ ಹೆಸರು ಕಾಣುತ್ತದೆ, ವಿಳಾಸ ಹರಿದು ಹೋಗಿದೆ. ಜೊತೆಗೆ ಯಾರೋ ಸಹಿ ಮಾಡಿ ಉಳಿದದ್ದನ್ನು ಖಾಲಿ ಬಿಟ್ಟಿರುವ, ಮಾಲೀಕತ್ವ ವರ್ಗಾಯಿಸುವ 29 ಮತ್ತು 30ರ ಫಾರಂಗಳಿವೆ. ಮೂಲ ಮಾಲೀಕರು ಇನ್ನೊಬ್ಬರಿಗೆ ಮಾರಿದ್ದರಂತೆ, ಅವರು ರಿಪೇರಿ ಬಾಕಿಗೆ ಬದಲಾಗಿ ಗಾಡಿಯನ್ನು ಮೆಕ್ಯಾನಿಕ್‌ಗೇ ಬಿಟ್ಟು ಹೋದರಂತೆ. ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ದಾಖಲೆಯೇ ಇಲ್ಲ ಎಂದು ಬರುತ್ತಿದೆ. ಒಬ್ಬ ಏಜೆಂಟ್ ಎಲ್ಲ ಸೇರಿ ಒಂದು ಮೊತ್ತ ಹೇಳಿ, ಹೇಗೆ ಮಾಡಿಸುತ್ತೀರಿ ಎಂದು ಕೇಳಿದರೆ ನಗುತ್ತಾನೆ.

ಬಾಕಿ ಹಣ ಕೊಡಬಹುದೇ? ಡೂಪ್ಲಿಕೇಟ್ ಆರ್‌ಸಿಗೆ ನಾನೇ ಅರ್ಜಿ ಹಾಕಬಹುದೇ?

ಟೂ ಸ್ಟ್ರೋಕ್ ಹೊಗೆ

ಕೊಡಬೇಡಿ. ಮೂಲ ಮಾಲೀಕರು ಅಥವಾ ಅವರ ಮನೆಯವರು ಸಿಗುವವರೆಗೆ ಇನ್ನೊಂದು ರೂಪಾಯಿ ಬಿಚ್ಚಬೇಡಿ. ಆ ಏಜೆಂಟ್ ನಗುವಿನ ಅರ್ಥ ನಿಮಗೂ ಗೊತ್ತಿರುತ್ತದೆ.

ನಿವೃತ್ತ ಗುಮಾಸ್ತ

ಆರ್‌ಸಿ ಕಳೆದಿರುವುದು ಸಣ್ಣ ತೊಂದರೆ. ಕಚೇರಿಯ ಪುಸ್ತಕದಲ್ಲಿ ಯಾರ ಹೆಸರಿದೆ, ಆ ವ್ಯಕ್ತಿ ಬಂದು ಸಹಿ ಮಾಡುತ್ತಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಡೂಪ್ಲಿಕೇಟ್ ಆರ್‌ಸಿಗೆ ಫಾರಂ 26. ಅದನ್ನು ನೋಂದಾಯಿತ ಮಾಲೀಕರೇ ಸಲ್ಲಿಸಬೇಕು. ನೀವು ಹಣ ಕೊಟ್ಟಿದ್ದರೂ, ಗಾಡಿ ನಿಮ್ಮ ಕೊಟ್ಟಿಗೆಯಲ್ಲೇ ಇದ್ದರೂ, ಕಚೇರಿಯ ಕಣ್ಣಿಗೆ ನೀವು ಮೂರನೆಯವರು.

ಆದ್ದರಿಂದ ಮೊದಲು ಮೈಸೂರಿನ ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್‌ಗೆ ಅರ್ಜಿ ಕೊಡಿ. ನೋಂದಣಿ ಪುಸ್ತಕದ ಆ ಪುಟದ ನಕಲು ಅದು. ಮಾಲೀಕರ ಹೆಸರು, ವಿಳಾಸ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಸಾಲವಿದ್ದರೆ ಯಾವ ಬ್ಯಾಂಕ್, ನೋಂದಣಿ ಎಲ್ಲಿಯವರೆಗೆ ನವೀಕರಣವಾಗಿದೆ, ಎಲ್ಲವೂ ಅದರಲ್ಲಿ ಇರುತ್ತದೆ. ಏಕೆ ಬೇಕು ಎಂಬುದನ್ನು ನೇರವಾಗಿ ಬರೆಯಿರಿ, ವಿಮೆಯ ಆ ಅರ್ಧ ಹಾಳೆಯನ್ನೂ ಲಗತ್ತಿಸಿ. ನೋಂದಣಿ ಸಂಖ್ಯೆಯ ಜೊತೆಗೆ ಚಾಸಿಸ್ ಸಂಖ್ಯೆಯನ್ನೂ ಕೊಟ್ಟು ಕೇಳುವವರನ್ನು ಯಾರೂ ಸುಮ್ಮನೆ ಓಡಿಸುವುದಿಲ್ಲ.

ಆ್ಯಪ್‌ನಲ್ಲಿ ಕಾಣದಿದ್ದರೆ ಗಾಡಿ ಕದ್ದದ್ದು ಎಂದೇನಲ್ಲ. ಹಳೆಯ ಮೂರಕ್ಷರದ ಸಂಖ್ಯೆಗಳಲ್ಲಿ ಎಷ್ಟೋ ಇನ್ನೂ ಕೈಬರಹದ ಪುಸ್ತಕದಲ್ಲೇ ಉಳಿದಿವೆ. ವಾಹನ್ ತಂತ್ರಾಂಶಕ್ಕೆ ಅವನ್ನು ಏರಿಸುವುದಕ್ಕೆ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎನ್ನುತ್ತಾರೆ. ಆದರೂ ಕದ್ದ ಗಾಡಿಯಲ್ಲ ಎಂದು ಖಚಿತ ಮಾಡಿಕೊಳ್ಳಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಡಿಜಿಟಲ್ ಪೊಲೀಸ್ ಜಾಲತಾಣದಲ್ಲಿ ಎಂಜಿನ್, ಚಾಸಿಸ್ ಸಂಖ್ಯೆ ಹಾಕಿ ನೋಡುವ ಸೌಲಭ್ಯವಿದೆ.

ಆ ಖಾಲಿ ಫಾರಂಗಳನ್ನು ಚೀಲಕ್ಕೇ ವಾಪಸು ಹಾಕಿ. ಯಾರ ಸಹಿ ಎಂದೇ ಗೊತ್ತಿಲ್ಲ. ಗೊತ್ತಿದ್ದರೂ ಈಗ ಒಟಿಪಿ, ಆಧಾರ್ ದೃಢೀಕರಣ ಎಲ್ಲ ಮಾಲೀಕರ ಮೊಬೈಲ್‌ಗೆ ಹೋಗುತ್ತವೆ. ಹಳೆಯ ಶಾಯಿಗೆ ಬೆಲೆಯಿಲ್ಲ.

ರೋಡ್‌ಕಿಂಗ್ 250

ಗುಮಾಸ್ತರ ಮಾತಿಗೆ ಒಂದು ಸೇರ್ಪಡೆ. ಇಲ್ಲಿ ಕೆಲವರು ಗಾಡಿ ಸಿಕ್ಕಿದ ಕೂಡಲೇ ಚಾಸಿಸ್ ಬಿಚ್ಚಿ ಪೌಡರ್ ಕೋಟಿಂಗ್‌ಗೆ ಕೊಟ್ಟುಬಿಡುತ್ತಾರೆ. ಹಳೆಯ ಬಣ್ಣ ಕೀಳಲು ಮರಳು ಹೊಡೆದರೆ ಅಂಕಿಗಳ ಅಂಚು ಸವೆಯುತ್ತದೆ, ಮೇಲೆ ದಪ್ಪ ಪದರ ಕೂತರೆ ಪೂರ್ತಿ ಮುಚ್ಚಿಹೋಗುತ್ತದೆ. ಆಮೇಲೆ ಇನ್ಸ್‌ಪೆಕ್ಟರ್ ಮುಂದೆ ನಿಂತು ಇದು ಮೂರು, ಎಂಟಲ್ಲ ಎಂದು ವಾದಿಸಬೇಕಾಗುತ್ತದೆ.

ಹ್ಯಾಂಡಲ್ ಕೆಳಗಿನ ಕೊರಳಿನ ಭಾಗವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಜಿಡ್ಡು ತೆಗೆಯಿರಿ. ತಂತಿ ಬ್ರಷ್ ಮುಟ್ಟಿಸಬೇಡಿ. ಸೀಮೆಸುಣ್ಣವನ್ನು ಅಡ್ಡ ಹಿಡಿದು ಉಜ್ಜಿ, ಬೆರಳಿನಿಂದ ಮೆಲ್ಲಗೆ ಒರೆಸಿದರೆ ಪುಡಿ ಅಂಕಿಗಳ ಗುಂಡಿಯಲ್ಲಿ ಉಳಿದು ಬೆಳ್ಳಗೆ ಎದ್ದು ಕಾಣುತ್ತದೆ. ಫೋಟೊ ತೆಗೆಯಿರಿ. ನಂತರ ಸುಣ್ಣ ಒರೆಸಿ, ತೆಳುವಾದ ಕಾಗದ ಇಟ್ಟು ಪೆನ್ಸಿಲ್ ಪ್ರಿಂಟ್ ಎತ್ತಿ, ಎರಡು ಮೂರು ಪ್ರತಿ ಇರಲಿ. ಎಂಜಿನ್ ಕೇಸಿನ ಸಂಖ್ಯೆಯದ್ದೂ ಹಾಗೆಯೇ.

ಬಿ ಎಕ್ಸ್‌ಟ್ರಾಕ್ಟ್ ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯೆಜ್ಡಿಗಳಲ್ಲಿ ಎಂಜಿನ್ ಅದಲುಬದಲಾಗಿರುವುದು ಬಹಳ. 1996ರಲ್ಲಿ ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ ಮೇಲೆ ಬಿಡಿಭಾಗ ಸಿಗದೆ ಒಂದರ ಎಂಜಿನ್ ಇನ್ನೊಂದಕ್ಕೆ ಕೂಡಿಸಿ ಓಡಿಸಿದವರೇ ಹೆಚ್ಚು. ಎಂಜಿನ್ ಬದಲಾಗಿದ್ದರೆ ಅದನ್ನು ದಾಖಲಿಸಲು ಬೇರೆಯೇ ಅರ್ಜಿ ಬೇಕು, ಆ ಎಂಜಿನ್ ಎಲ್ಲಿಂದ ಬಂತು ಎಂಬುದಕ್ಕೆ ರಸೀದಿಯೂ ಬೇಕು. ಚಾಸಿಸ್ ಸಂಖ್ಯೆ ತಾಳೆಯಾಗದಿದ್ದರೆ ಮುಂಗಡ ವಾಪಸು ಕೇಳಿ ಹೊರಟುಬಿಡಿ.

ಗೇರ್ ಬದಲು

ಇಷ್ಟೆಲ್ಲ ತಲೆನೋವು ಏಕೆ? ಗುಜರಿಗೆ ಹೋದ ಯೆಜ್ಡಿಯ ಆರ್‌ಸಿ ಮಾರಾಟಕ್ಕೆ ಸಿಗುತ್ತದೆ. ಅದರ ಸಂಖ್ಯೆಯನ್ನು ಚಾಸಿಸ್ ಮೇಲೆ ಹೊಡೆಸಿದರೆ ಮುಗಿಯಿತು.

ನಿವೃತ್ತ ಗುಮಾಸ್ತ

ಮುಗಿಯುತ್ತದೆ, ಠಾಣೆಯಲ್ಲಿ. ಉಜ್ಜಿ ಹೊಸದಾಗಿ ಹೊಡೆದ ಸಂಖ್ಯೆಯನ್ನು ಪೊಲೀಸರು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರೆ ಆಮ್ಲ ಹಚ್ಚಿ ಅಡಿಯ ಹಳೆಯ ಅಂಕಿಯನ್ನು ಮೇಲೆಬ್ಬಿಸುತ್ತಾರೆ. ಲೋಹದ ಮೇಲೆ ಅಚ್ಚು ಬಿದ್ದ ಒತ್ತಡ ಆಳಕ್ಕೆ ಇಳಿದಿರುತ್ತದೆ, ಮೇಲೆ ಉಜ್ಜಿದರೆ ಹೋಗುವುದಿಲ್ಲ. ಇಂಥ ಸಲಹೆಯನ್ನು ಇಲ್ಲಿ ಬರೆಯಬೇಡಿ, ಓದಿ ನಂಬುವ ಹುಡುಗರಿದ್ದಾರೆ.

ಕ್ಲಾಸಿಕ್ ಪ್ರೇಮಿ

ವಿಂಟೇಜ್ ಎಂದು ಹೊಸದಾಗಿ ನೋಂದಣಿ ಮಾಡಿಸಲು ಬರುವುದಿಲ್ಲವೇ? ವಿಎ ಸರಣಿ ಎಂದು ಎಲ್ಲೋ ಓದಿದ ನೆನಪು.

ರೋಡ್‌ಕಿಂಗ್ 250

2021ರ ಆ ನಿಯಮ 50 ವರ್ಷ ದಾಟಿದ ವಾಹನಗಳಿಗೆ. 1986ರ ಗಾಡಿಗೆ ಇನ್ನೂ ವಯಸ್ಸಾಗಿಲ್ಲ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ, ಇಲ್ಲಿಯೇ ನೋಂದಣಿಯಾಗಿದ್ದ ಗಾಡಿಗೆ ಹಳೆಯ ಆರ್‌ಸಿಯನ್ನೂ ಕೇಳುತ್ತಾರೆ. ಸುತ್ತಿ ಬಳಸಿ ಅಲ್ಲಿಗೇ ಬರುತ್ತೀರಿ.

ಹೇಮಾವತಿ ದಡ

ಎಲ್ಲರಿಗೂ ಧನ್ಯವಾದ. ಬಿ ಎಕ್ಸ್‌ಟ್ರಾಕ್ಟ್ ಸಿಕ್ಕಿತು. ಎರಡೂ ಸಂಖ್ಯೆಗಳು ಸರಿಯಾಗಿ ತಾಳೆಯಾಗುತ್ತವೆ! ಹೆಸರು ವಿಮೆ ಹಾಳೆಯಲ್ಲಿದ್ದದ್ದೇ. ನಡುವಿನ ಖರೀದಿದಾರರ ಹೆಸರು ಪುಸ್ತಕದಲ್ಲಿ ಎಲ್ಲೂ ಇಲ್ಲ.

ಈಗ ಎರಡು ತೊಡಕು. ಸಾಲದ ಕಲಂನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದಿದೆ, ಆ ಬ್ಯಾಂಕೇ ಈಗ ಇಲ್ಲ. ಎರಡನೆಯದು, ವಿಳಾಸ ಹಿಡಿದು ಹೋಗಿ ವಿಚಾರಿಸಿದಾಗ ಮಾಲೀಕರು ತೀರಿಕೊಂಡಿದ್ದಾರೆಂದು ತಿಳಿಯಿತು. ಮಗ ಅದೇ ಮನೆಯಲ್ಲಿದ್ದಾರೆ, ಮಗಳು ವಿದೇಶದಲ್ಲಿ. ಮಗನಿಗೆ ಗಾಡಿಯ ಫೋಟೊ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಸಹಿ ಮಾಡಲು ಮನಸ್ಸಿದೆ, ಆದರೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೋ ಎಂಬ ಅಳುಕು.

ನಿವೃತ್ತ ಗುಮಾಸ್ತ

ಬ್ಯಾಂಕಿನ ಚಿಂತೆ ಬಿಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ವಿಲೀನವಾಯಿತು. ಸಾಲ ಕೊಟ್ಟ ಶಾಖೆ ಈಗ ಎಸ್‌ಬಿಐ ಶಾಖೆಯಾಗಿರುತ್ತದೆ ಅಥವಾ ಪಕ್ಕದ ಶಾಖೆಯೊಂದಿಗೆ ಸೇರಿರುತ್ತದೆ. ಅಲ್ಲಿ ಬಿ ಎಕ್ಸ್‌ಟ್ರಾಕ್ಟ್ ತೋರಿಸಿ, ಬಾಕಿ ಇಲ್ಲ ಎಂಬ ಪತ್ರವನ್ನೂ ಸಾಲದ ನಮೂದು ತೆಗೆಸುವ ಫಾರಂ 35ರ ಮೇಲೆ ಸಹಿ ಮತ್ತು ಮೊಹರನ್ನೂ ಪಡೆಯಿರಿ. ಅರ್ಜಿಯನ್ನು ಮಗನೇ ಕೊಡಲಿ, ನೀವು ಕೊಟ್ಟರೆ ನೀವು ಯಾರು ಎಂಬ ಪ್ರಶ್ನೆ ಏಳುತ್ತದೆ. ಇದನ್ನು ಓದುವ ಬೇರೆಯವರಿಗೂ ಹೇಳುತ್ತೇನೆ: ವಿಜಯಾ ಬ್ಯಾಂಕ್ ಎಂದಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಎಂದಿದ್ದರೆ ಕೆನರಾಕ್ಕೆ, ಕಾರ್ಪೊರೇಷನ್ ಎಂದಿದ್ದರೆ ಯೂನಿಯನ್ ಬ್ಯಾಂಕಿಗೆ ಹೋಗಿ. ಕಷ್ಟವಾಗುವುದು ಬಾಗಿಲು ಹಾಕಿದ ಸಣ್ಣ ಫೈನಾನ್ಸ್ ಕಂಪನಿಯ ಹೆಸರಿದ್ದಾಗ.

ಇನ್ನು ವಾರಸುದಾರರು. ತೀರಿಕೊಂಡವರ ಹೆಸರಿನಿಂದ ನೇರವಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ಮಗನ ಹೆಸರಿಗೆ, ಅಲ್ಲಿಂದ 29 ಮತ್ತು 30ರಲ್ಲಿ ನಿಮ್ಮ ಹೆಸರಿಗೆ. ಮರಣ ಪ್ರಮಾಣಪತ್ರ ಬೇಕು. ನಾಡಕಚೇರಿಯಿಂದ ವಂಶವೃಕ್ಷ ಅಥವಾ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಬೇಕು. ತಾಯಿ ಇದ್ದರೆ ತಾಯಿಯದ್ದೂ ಮಗಳದ್ದೂ ಆಕ್ಷೇಪಣೆ ಇಲ್ಲ ಎಂಬ ಪ್ರಮಾಣಪತ್ರ (ಅಫಿಡವಿಟ್) ಬೇಕು. ಮಗಳು ಹೊರದೇಶದಲ್ಲಿರುವುದರಿಂದ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಲಿ. ಆಕೆಯನ್ನು ಬಿಟ್ಟು ಮುಂದೆ ಹೋಗೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಆರ್‌ಸಿ ಕಳೆದದ್ದಕ್ಕೆ ಪೊಲೀಸ್ ಸ್ವೀಕೃತಿಯೂ ಬೇಕು. ರಾಜ್ಯ ಪೊಲೀಸರ ಇ-ಲಾಸ್ಟ್ ಮೂಲಕ ಮಗನೇ ದಾಖಲಿಸಬಹುದು, ಜೊತೆಗೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಒಂದು ಅಫಿಡವಿಟ್.

ಮಗನ ಅಳುಕಿಗೆ ಉತ್ತರವಿದೆ. ಹೆಸರು ಹಾಗೆಯೇ ಬಿಟ್ಟರೆ ಅಪಾಯ ಹೆಚ್ಚು. ಗಾಡಿ ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಸರಿಯಾಗಿ ವರ್ಗಾಯಿಸಿದರೆ ಅವರ ಕುಟುಂಬದ ಹೆಸರು ಪುಸ್ತಕದಿಂದ ಇಳಿಯುತ್ತದೆ. ಹೀಗೆ ಬಿಡಿಸಿ ಹೇಳಿ. ಗಾಡಿ ಕೊಟ್ಟ ದಿನಾಂಕ, ಸಮಯ ಬರೆದ ಪತ್ರಕ್ಕೆ ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಟೂ ಸ್ಟ್ರೋಕ್ ಹೊಗೆ

ಮತ್ತು ಮಗನಿಗೆ ಏನಾದರೂ ಕೊಡಿ. ಗಾಡಿಯ ಬೆಲೆ ಮೆಕ್ಯಾನಿಕ್‌ಗೆ ಹೋಗುತ್ತಿದೆ, ಓಡಾಟವೆಲ್ಲ ಇವರ ಪಾಲಿಗೆ. ಮೆಕ್ಯಾನಿಕ್ ಹತ್ತಿರ ಕುಳಿತು ಬೆಲೆ ಇಳಿಸಿ. ಕಾಗದವಿಲ್ಲದ ರೋಡ್‌ಕಿಂಗ್‌ಗೂ ಕಾಗದ ಪಕ್ಕಾ ಇರುವ ರೋಡ್‌ಕಿಂಗ್‌ಗೂ ಒಂದೇ ಬೆಲೆ ಕೇಳುವುದು ನ್ಯಾಯವಲ್ಲ.

ಹೇಮಾವತಿ ದಡ

ಬೆಲೆ ಇಳಿಸಿದರು, ಸ್ವಲ್ಪ ಗೊಣಗಿದರು. ಮಗ ಒಪ್ಪಿದ್ದಾರೆ. ತಾಯಿ ಇದ್ದಾರೆ, ಅವರದ್ದೂ ಒಪ್ಪಿಗೆ ಇದೆ. ಒಂದೇ ಷರತ್ತು, ಗಾಡಿ ಸಿದ್ಧವಾದ ಮೇಲೆ ಒಮ್ಮೆ ಮನೆಯ ಮುಂದೆ ತಂದು ತೋರಿಸಬೇಕಂತೆ. ನೋಂದಣಿ ನವೀಕರಣಕ್ಕೆ ಎಷ್ಟಾಗಬಹುದು? ಅದನ್ನು ಮೊದಲು ಮಾಡಿಸಬೇಕೇ, ವರ್ಗಾವಣೆಯನ್ನು ಮೊದಲು ಮಾಡಿಸಬೇಕೇ?

ನಿವೃತ್ತ ಗುಮಾಸ್ತ

ಎಲ್ಲಕ್ಕಿಂತ ಮೊದಲು ಬ್ಯಾಕ್‌ಲಾಗ್. ಗಾಡಿಯ ವಿವರ ಗಣಕಕ್ಕೆ ಏರದೆ ಯಾವ ಅರ್ಜಿಯೂ ಹುಟ್ಟುವುದಿಲ್ಲ. ಏರಿಸುವಾಗ ಪಕ್ಕದಲ್ಲಿ ನಿಂತು ಪ್ರತಿ ಅಂಕಿಯನ್ನೂ ಓದಿ ನೋಡಿ. ಹಳೆಯ ಕೈಬರಹದಲ್ಲಿ ಒಂದು ಮತ್ತು ಏಳು ಅಣ್ಣತಮ್ಮಂದಿರ ಹಾಗೆ ಇರುತ್ತವೆ. ಅನುಮೋದನೆಯಾದ ಮೇಲೆ ತಿದ್ದಿಸುವುದು ಇನ್ನೊಂದು ಕಥೆ.

ಆಮೇಲೆ ಸಾಲದ ನಮೂದು ತೆಗೆಸುವುದು, ಮಗನ ಹೆಸರು, ಫಾರಂ 25ರಲ್ಲಿ ನವೀಕರಣ, ಕೊನೆಗೆ ನಿಮ್ಮ ಹೆಸರು. ಕೆಲವನ್ನು ಒಟ್ಟಿಗೆ ತೆಗೆದುಕೊಳ್ಳುತ್ತಾರೆ, ಅಧೀಕ್ಷಕರನ್ನು ಕೇಳಿ. ನವೀಕರಣಕ್ಕೆ ಗಾಡಿಯನ್ನು ತೋರಿಸಲೇಬೇಕು: ಬ್ರೇಕ್, ದೀಪ, ಹಾರ್ನ್ ಕೆಲಸ ಮಾಡುತ್ತಿರಬೇಕು, ಎಮಿಷನ್ ಪತ್ರ ಮತ್ತು ವಿಮೆ ಇರಬೇಕು. ಕಚೇರಿಗೆ ಓಡಿಸಿಕೊಂಡು ಹೋಗಬೇಡಿ, ಟೆಂಪೊದಲ್ಲಿ ಹಾಕಿಸಿ. ನವೀಕರಣವಾದರೆ ಐದು ವರ್ಷಕ್ಕೆ.

ಹಣದ ಲೆಕ್ಕ: 15 ವರ್ಷ ದಾಟಿದ ಬೈಕಿನ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 1,000 ರೂಪಾಯಿ ಇತ್ತು. 2025ರ ಆಗಸ್ಟ್‌ನ ತಿದ್ದುಪಡಿಯಿಂದ 20 ವರ್ಷ ದಾಟಿದ್ದಕ್ಕೆ 2,000. ಇದರ ಜೊತೆಗೆ ಹಸಿರು ತೆರಿಗೆ. ಕೈ ಕಚ್ಚುವುದು ವಿಳಂಬ ಶುಲ್ಕ. ಬೈಕಿಗೆ ತಿಂಗಳಿಗೆ 300 ರೂಪಾಯಿ, ಅಂದರೆ ವರ್ಷಕ್ಕೆ 3,600. ಎಲ್ಲಿಂದ ಎಣಿಸುತ್ತಾರೆ ಎಂಬುದರ ಮೇಲೆ ಮೊತ್ತ ಬಹಳ ಬದಲಾಗುತ್ತದೆ. ಬಾಯಿಮಾತಿನ ಲೆಕ್ಕ ನಂಬಬೇಡಿ, ಗಣಕದ ಚಲನ್ ನೋಡಿಯೇ ಕಟ್ಟಿ. ಇದನ್ನು ಮೆಕ್ಯಾನಿಕ್ ಜೊತೆ ಚೌಕಾಸಿ ಮುಗಿಸುವ ಮೊದಲೇ ಕೇಳಬೇಕಿತ್ತು.

ಕಾವೇರಿ ಬೈಕರ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ತಮಿಳುನಾಡಿನ ಆರ್‌ಎಕ್ಸ್ 100. ಆರ್‌ಸಿ ಇದೆ, ಮಾಲೀಕರೂ ಸಿಗುತ್ತಾರೆ. ಬೆಂಗಳೂರಿಗೆ ತಂದು ಇಲ್ಲಿ ಎಲ್ಲವನ್ನೂ ಮಾಡಿಸಬಹುದೇ?

ರೋಡ್‌ಕಿಂಗ್ 250

ಮೊದಲು ಅಲ್ಲಿನ ಕಚೇರಿಯಿಂದ ಫಾರಂ 28ರಲ್ಲಿ ಆಕ್ಷೇಪಣೆ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ. ನವೀಕರಣ ಮುಗಿದಿದ್ದರೆ ಅಥವಾ ದಂಡ ಬಾಕಿ ಇದ್ದರೆ ಅಲ್ಲಿಯೇ ತೀರಿಸಿಕೊಂಡು ಬನ್ನಿ. ಆಮೇಲೆ ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಿ, ಕೆಎ ಸಂಖ್ಯೆ ಪಡೆದು ವರ್ಗಾವಣೆ. ಮಾಲೀಕರು ಸಿಗುವಾಗಲೇ ಎನ್‌ಒಸಿ, 29, 30ಕ್ಕೆ ಎದುರಿಗೆ ಸಹಿ ಮಾಡಿಸಿ, ಅವರ ಮೊಬೈಲ್‌ಗೆ ಬರುವ ಒಟಿಪಿಗೂ ಏರ್ಪಾಡು ಮಾಡಿಕೊಳ್ಳಿ. ಉಳಿದದ್ದಕ್ಕೆ ಬೇರೆ ಎಳೆ ತೆರೆಯಿರಿ, ಇದು ಯೆಜ್ಡಿಯದ್ದು.

ಹೇಮಾವತಿ ದಡ

ಬ್ಯಾಕ್‌ಲಾಗ್ ಆಯಿತು, ಸಂಖ್ಯೆ ಈಗ ಆ್ಯಪ್‌ನಲ್ಲಿ ಕಾಣುತ್ತದೆ. ಬ್ಯಾಂಕಿನ ಪತ್ರ ಬಂದಿದೆ, ಮಗಳ ಪ್ರಮಾಣಪತ್ರ ಅಂಚೆಯಲ್ಲಿದೆ. ಅತಿ ಸುರಕ್ಷಿತ ನಂಬರ್ ಪ್ಲೇಟನ್ನು ಈಗಲೇ ಬುಕ್ ಮಾಡಲೇ?

ನಿವೃತ್ತ ಗುಮಾಸ್ತ

ಮಗನ ಹೆಸರಿಗೆ ಬಂದು, ನವೀಕರಣದ ಅನುಮೋದನೆ ಗಣಕದಲ್ಲಿ ಕಂಡ ಮೇಲೆ ಬುಕ್ ಮಾಡಿ. ಅಲ್ಲಿಯವರೆಗೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಿರಿ.