ಹಳೇ ಫೋಲ್ಡಿಂಗ್ ಕ್ಯಾಮೆರಾ, ಫೋಕಸ್ ಕಿರಿಕಿರಿ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮಸ್ಕಾರ. ಇವತ್ತು ಫೋಲ್ಡಿಂಗ್ ರೇಂಜ್‌ಫೈಂಡರ್ ಕ್ಯಾಮೆರಾಗಳ (ಮಡಚಿಡೋ, ಕಿಂಡಿಯಲ್ಲಿ ಎರಡು ಬಿಂಬ ಒಂದು ಮಾಡಿ ದೂರ ಅಳೆಯೋ ಕ್ಯಾಮೆರಾ) ಫೋಕಸ್ ಬಗ್ಗೆ ಮಾತ್ರ. ಉತ್ತರ ಕೊಡೋರು ನಮ್ಮ ರಿಪೇರಿ ಮೇಷ್ಟ್ರು. ಮಾರಾಟದ ಪೋಸ್ಟ್ ಬೇಡ, ಫಾರ್ವರ್ಡ್ ಬೇಡ.

ಕತ್ತಲೆಕೋಣೆ: ಸಾರ್, ಅಗ್ಫಾ ಐಸೊಲೆಟ್ 3. ಮೇಲಿನ ಚಕ್ರ ತಿರುಗಿಸಿದ್ರೆ ಕಿಂಡಿಯಲ್ಲಿ ಎರಡು ಬಿಂಬ ಒಂದಾಗುತ್ತೆ. ಆದ್ರೆ ಲೆನ್ಸ್ ಅಲ್ಲಾಡಲ್ಲ. ಒಳಗೆ ಏನಾದ್ರೂ ಮುರಿದಿದೆಯಾ?

ರಿಪೇರಿ ಮೇಷ್ಟ್ರು: ಏನೂ ಮುರಿದಿಲ್ಲ. ಆ ಮಾಡೆಲಲ್ಲಿ ರೇಂಜ್‌ಫೈಂಡರಿಗೂ ಲೆನ್ಸಿಗೂ ಸಂಬಂಧವೇ ಇಲ್ಲ. ಚಕ್ರದ ಮೇಲೆ ಬಂದ ಅಂಕಿ ಓದಿ, ಲೆನ್ಸಿನ ಉಂಗುರಕ್ಕೆ ಕೈಯಿಂದ ಇಡಬೇಕು.

ಗದಗಿನಾಂವ: ನಂದೂ ಐಸೊಲೆಟ್ ರೀ. ಉಂಗುರ ಕಲ್ಲಾಗೇತಿ. ಇಕ್ಕಳ ಹಾಕಿ ತಿರುವಿದ್ರ ಸ್ವಲ್ಪ ಸರಿತು. ಈಗ ಎಲ್ಲಾ ಫೋಟೋ ಮಂಜು.

ರಿಪೇರಿ ಮೇಷ್ಟ್ರು: ಇಕ್ಕಳ ಮೊದಲು ಒಳಗಿಡಿ. ಅಗ್ಫಾದವರು ಹಾಕಿದ್ದ ಹಸಿರು ಗ್ರೀಸು ಇಷ್ಟು ವರ್ಷಕ್ಕೆ ಅಂಟಿನ ಹಾಗೆ ಗಟ್ಟಿಯಾಗಿದೆ. ಮುಂದಿನ ಗಾಜು ಎರಡನೇ ಗಾಜಿನ ಕೂಡಿನ (ಗಾಜನ್ನು ಹಿಡಿದಿರೋ ಲೋಹದ ಬಳೆ) ಒಳಗೆ ಮರೆಯಲ್ಲಿ, ಅಂದ್ರೆ ಸ್ಕ್ರೂ ಸುತ್ತಿನಲ್ಲಿ, ತಿರುಗಬೇಕು. ಅವೆರಡೂ ಹಿಡಿದುಕೊಂಡಾಗ ನೀವು ಬಲ ಹಾಕಿದ್ರೆ ಜೋಡಿಯಾಗಿ ಶಟರಿಂದಲೇ ಬಿಚ್ಚಿಕೊಳ್ಳುತ್ತವೆ. ನಿಮಗೆ ‘ಸರಿತು’ ಅನಿಸಿದ್ದು ಅದು. ಎರಡನ್ನೂ ಹೊರತೆಗೆದು, ಮರೆಗೆ ಲೈಟರ್ ಫ್ಲೂಯಿಡ್ ಬಿಟ್ಟು ರಾತ್ರಿ ಹಾಗೇ ಇಡಿ. ಬೆಳಿಗ್ಗೆ ಹೇರ್ ಡ್ರೈಯರಿನಲ್ಲಿ ಸ್ವಲ್ಪ ಬಿಸಿ ಮಾಡಿ, ಕೈಯಲ್ಲೇ ತಿರುಗಿಸಿ. ಬರದಿದ್ರೆ ಇನ್ನೊಂದು ರಾತ್ರಿ. ಬಿಚ್ಚಿಕೊಳ್ಳೋ ಗಳಿಗೆಯಲ್ಲಿ ಎರಡೂ ಕೂಡಿನ ಮೇಲೆ ಗುರುತು ಹಾಕಲೇಬೇಕು, ಯಾವ ಮರೆಯಿಂದ ಹೊರಬಂತು ಅಂತ. ವಾಪಸ್ ಹಾಕುವಾಗ ಎರಡನೇ ಗಾಜಿನ ಕೂಡು ಶಟರಿನೊಳಗೆ ಪೂರ್ತಿ ಕೂತಿರಬೇಕು. ಅನಂತ, ಅಂದ್ರೆ ತೀರಾ ದೂರದ ವಸ್ತುವಿನ ಫೋಕಸ್, ಹೊಂದಿಸೋದು ಆಮೇಲಿನ ಮಾತು.

ಪುತ್ತೂರಿನಾಕೆ: ನಮಸ್ತೆ ಸರ್. ಅಜ್ಜನ ಸೂಪರ್ ಐಕೊಂಟಾ 532/16 ಉಂಟು, 80 ಮಿ.ಮೀ. ಟೆಸ್ಸಾರ್ ಲೆನ್ಸ್, ಅಪರ್ಚರ್ 2.8. ಒಬ್ಬರು ಬಿಚ್ಚಿ ಕ್ಲೀನ್ ಮಾಡಿಕೊಟ್ಟ ಮೇಲೆ ಫೋಕಸ್ ಹೋಯಿತು. ನಾನೇ ಹಿಂದುಗಡೆ ಬಟರ್ ಪೇಪರ್ ಅಂಟಿಸಿ, ಶಟರ್ ತೆರೆದಿಟ್ಟು, ದೂರದ ಮೊಬೈಲ್ ಟವರ್ ನೋಡಿ ಅನಂತ ಸರಿ ಮಾಡಿದೆ. ರೇಂಜ್‌ಫೈಂಡರಿನಲ್ಲಿಯೂ ಟವರ್ ಸರಿಯಾಗಿ ಒಂದಾಗುತ್ತದೆ. ಆದರೆ ಫಿಲ್ಮ್ ತೊಳೆದಾಗ 11ರಲ್ಲಿ ಒಂದೂ ಸರಿ ಇಲ್ಲ. ಅಜ್ಜಿಯನ್ನು 2 ಮೀಟರಿನಲ್ಲಿ ಕೂರಿಸಿ ಕಣ್ಣಿಗೆ ಫೋಕಸ್ ಮಾಡಿದ್ದೆ. ಕಣ್ಣು ಮಂಜು, ಬೆಂಡೋಲೆಯ ಕಲ್ಲು ಮಾತ್ರ ಎಣಿಸಬಹುದು!

ಬಿಸಿಲುಕುದುರೆ: 120 ಅಳತೆಯ ಫಿಲ್ಮಲ್ಲಿ 12 ಚಿತ್ರ ಬರಬೇಕಲ್ವಾ? ಒಂದು ಎಲ್ಲಿ ಹೋಯ್ತು?

ರಿಪೇರಿ ಮೇಷ್ಟ್ರು: ಆ ಕ್ಯಾಮೆರಾದಲ್ಲಿ 11 ಅಷ್ಟೇ. ಅಮ್ಮಾ, ಬೇರೆ ಚಿತ್ರಗಳಲ್ಲಿ ಏನು ಶಾರ್ಪ್ ಇದೆ? ಮುಂದಿನದಾ, ಹಿಂದಿನದಾ?

ಪುತ್ತೂರಿನಾಕೆ: ಯಾವಾಗಲೂ ಹಿಂದಿನದು. ತುಳಸಿಕಟ್ಟೆ 10 ಮೀಟರ್ ಇಟ್ಟು ತೆಗೆದದ್ದು, ಅದರ ಹಿಂದಿನ ಗೇಟು ಚಂದ ಬಂದಿದೆ. ಟವರ್ ಅನಂತಕ್ಕಿಟ್ಟರೂ ಮಂಜು.

ರಿಪೇರಿ ಮೇಷ್ಟ್ರು: ಟವರೂ ಮಂಜಾ? ಬಟರ್ ಪೇಪರ್ ಹೇಗೆ ಅಂಟಿಸಿದ್ರಿ, ಇನ್ನೊಮ್ಮೆ ಹಾಗೇ ಅಂಟಿಸಿ ಒಂದು ಫೋಟೋ ಹಾಕಿ.

ಬಿಸಿಲುಕುದುರೆ: ಫಾರ್ವರ್ಡ್ ಆಗಿ ಬಂದದ್ದು, ಉಪಯೋಗ ಆಗಬಹುದು: ಬಿಗಿಯಾದ ಲೆನ್ಸನ್ನು 3 ದಿನ ಬಿಸಿಲಿಗಿಡಿ, ಉಂಗುರಕ್ಕೆ 2 ಹನಿ ಕೊಬ್ಬರಿ ಎಣ್ಣೆ ಬಿಡಿ. ಫಂಗಸ್ಸಿಗೆ ಟೂತ್‌ಪೇಸ್ಟ್ ಹಚ್ಚಿ ಹತ್ತಿಯಲ್ಲಿ ಉಜ್ಜಿ 🙏

ರಿಪೇರಿ ಮೇಷ್ಟ್ರು: ಬಿಸಿಲಿಗೆ ಹಾಕೋಕೆ ಅದು ಹಪ್ಪಳ ಅಲ್ಲ. ಟೆಸ್ಸಾರಿನ ಹಿಂದಿನ ಎರಡು ಗಾಜು ಅಂಟಿನಿಂದ ಕೂಡಿಸಿದ್ದು, ಬಿಸಿಗೆ ಆ ಅಂಟು ಬಿಡುತ್ತೆ. ಎಣ್ಣೆ ಉಂಗುರದಲ್ಲಿ ನಿಲ್ಲಲ್ಲ, ಹರಿದು ಶಟರ್ ರೆಕ್ಕೆಗೆ ಹೋಗಿ ಅದನ್ನೂ ಹಿಡಿಸುತ್ತೆ. ಟೂತ್‌ಪೇಸ್ಟ್ ಅಂದ್ರೆ ಸಣ್ಣ ಉಪ್ಪುಕಾಗದ, ಕೋಟಿಂಗ್ ಎದ್ದುಹೋಗುತ್ತೆ. ದಯವಿಟ್ಟು ಡಿಲೀಟ್ ಮಾಡಿ.

ಬಿಸಿಲುಕುದುರೆ: ನಾನೇನು ಬರೆದದ್ದಲ್ಲ ಸಾರ್. ಬಂದದ್ದು ಹಾಕಿದೆ.

ಶಿರಸಿಯವ: ಬೆಲ್ಲೋಸಿನ (ಲೆನ್ಸ್ ಹಿಂದಿನ ಮಡಿಕೆ ಚೀಲ) ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು. ಏನು ಹಚ್ಚಬಹುದು?

ಪುತ್ತೂರಿನಾಕೆ: ಸರ್, ಫೋಟೋ ಹಾಕಿದ್ದೇನೆ.

ರಿಪೇರಿ ಮೇಷ್ಟ್ರು: ಸಿಕ್ಕಿತು! ಹೊರಗಿನ ಹಳಿಗೆ ಅಂಟಿಸಿದ್ದೀರಿ. ನೋಡಿ, ಚೌಕದ ಅಕ್ಕಪಕ್ಕ ಎರಡೆರಡು ಹಳಿ ಇವೆ. ಒಳಗಿನ ಜೊತೆ ತಗ್ಗು, ಫಿಲ್ಮು ಕೂರೋದು ಅದರ ಮೇಲೆ. ಹೊರಗಿನದು ಎತ್ತರ, ಒತ್ತುಪಟ್ಟಿ ಕೂರೋದು ಅದರ ಮೇಲೆ. ನಡುವಿನ ಸಂದಿ ಫಿಲ್ಮು ಮತ್ತು ಅದರ ಬೆನ್ನಿನ ಕಾಗದಕ್ಕೆ ಬಿಟ್ಟದ್ದು. ಅಂದ್ರೆ ನೀವು ಅನಂತ ಹೊಂದಿಸಿದ್ದು ಫಿಲ್ಮ್ ಇರೋ ಜಾಗಕ್ಕಲ್ಲ, ಅದಕ್ಕಿಂತ ಕೂದಲೆಳೆ ಹಿಂದಕ್ಕೆ.

ಕೂದಲೆಳೆ ಅಂತ ಬಿಡೋ ಹಾಗಿಲ್ಲ. ಬಿಂದು 0.05 ಮಿ.ಮೀ. ಹರಡಿದ್ರೆ ಪರವಾಗಿಲ್ಲ ಅಂತ ಇಟ್ಟುಕೊಂಡರೂ, 2.8ರಲ್ಲಿ ಫಿಲ್ಮಿನ ಹತ್ತಿರ ಸಿಗೋ ಸಡಿಲ ಆಚೆಗೆ 0.14, ಈಚೆಗೆ 0.14 ಮಿ.ಮೀ. ಅಷ್ಟೇ. ನಿಮ್ಮ ಕಾಗದ 0.2 ಹಿಂದಿತ್ತು ಅಂತಿಟ್ಟುಕೊಳ್ಳಿ, 2 ಮೀಟರಿನ ಫೋಕಸ್ 12-13 ಸೆಂ.ಮೀ. ಹಿಂದೆ ಬೀಳುತ್ತೆ, 10 ಮೀಟರಿಂದು ನಾಲ್ಕೂವರೆ ಮೀಟರ್ ಹಿಂದೆ. ಅಜ್ಜಿಯ ಕಣ್ಣಿಂದ ಬೆಂಡೋಲೆಗೆ ಎಷ್ಟಿದೆ, ಟೇಪ್ ಹಿಡಿದು ನೋಡಿ. ಟವರ್ ಮಂಜಾಗಿದ್ದೂ ಇದಕ್ಕೇ. ಲೆನ್ಸ್ ಈಗ ಅನಂತದಿಂದಲೂ ಆಚೆ ನೋಡ್ತಿದೆ, ಅಲ್ಲಿ ಏನೂ ಇಲ್ಲ.

ಈಗ ಮಾಡಬೇಕಾದ್ದು. ಬಟರ್ ಪೇಪರ್ ಬೇಡ, ಅದು ಜೋಲುತ್ತೆ. ಒಳಹಳಿಯ ಮೇಲೆ ಕೂರುವ ಅಳತೆಗೆ ಮಸುಕು ಗಾಜು ಕತ್ತರಿಸಿ, ಮಸುಕು ಮುಖ ಲೆನ್ಸಿನ ಕಡೆ ಇರಲಿ. ಬೇರೆ ಕ್ಯಾಮೆರಾದ 50 ಮಿ.ಮೀ. ಲೆನ್ಸ್ ಇದ್ರೆ ತಿರುಗಿಸಿ ಹಿಡೀರಿ, ಒಳ್ಳೇ ಭೂತಗನ್ನಡಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ಅಪರ್ಚರ್ ಪೂರ್ತಿ ತೆರೆದು, ಕಿಲೋಮೀಟರಿಗಿಂತ ದೂರದ ಟವರ್ ನೋಡಿ. ಫೋಕಸ್ ಉಂಗುರ ಅನಂತದಲ್ಲೇ ಕೂತಿರಲಿ, ಅದು ಹಲ್ಲುಚಕ್ರದ ಮೂಲಕ ರೇಂಜ್‌ಫೈಂಡರ್ ತೋಳಿಗೆ ಸೇರಿದೆ. ತೋಳಿನ ಒಳಗೆ ಎರಡು ಬೆಣೆಗಾಜು ಎದುರುಬದುರಾಗಿ ತಿರುಗುತ್ತವೆ. ನಿಮ್ಮದರಲ್ಲಿ ಅದು ಸರಿಯಿದೆ, ಮುಟ್ಟಬೇಡಿ. ಉಂಗುರದ ಸಣ್ಣ ಸ್ಕ್ರೂಗಳನ್ನು ಸಡಿಲ ಮಾಡಿ, ಉಂಗುರದೊಳಗಿನ ಮುಂದಿನ ಗಾಜಿನ ಕೂಡು ಮಾತ್ರ ತುಸು ಹೊರಕ್ಕೆ ತಿರುಗಿಸಿ. ಟವರಿನ ಕಂಬಿ ಚೂಪಾದ ಕಡೆ ನಿಲ್ಲಿಸಿ ಸ್ಕ್ರೂ ಬಿಗಿ ಮಾಡಿ. ಮೊದಲು ಲೆನ್ಸು, ಆಮೇಲೆ ರೇಂಜ್‌ಫೈಂಡರು. ಉಲ್ಟಾ ಮಾಡಿದವರ ಕ್ಯಾಮೆರಾಗಳೇ ನನ್ನ ಮೇಜಿನ ಮೇಲೆ ಬಂದು ಬೀಳೋದು.

ಪುತ್ತೂರಿನಾಕೆ: ಅಯ್ಯೋ, ಎರಡು ಹಳಿ ಉಂಟೆಂದೇ ಗೊತ್ತಿರಲಿಲ್ಲ! ನಾಳೆ ಗಾಜಿನ ಅಂಗಡಿಗೆ ಹೋಗುತ್ತೇನೆ.

ಮಂಡ್ಯ ಮಾಮ: ಐಸೊಲೆಟ್ 3. ಮೇಲಿನ ಚಕ್ರ ತಿರುಗುತ್ತೆ, ಲೆನ್ಸ್ ತಿರುಗಲ್ಲ. ಯಾಕೆ?

ರಿಪೇರಿ ಮೇಷ್ಟ್ರು: ಮೇಲೆ ನೋಡಿ.

ಕೆಂಪುಡಬ್ಬಿ: ರಷ್ಯಾದ ಮಾಸ್ಕ್ವಾ-5 ಕ್ಯಾಮೆರಾ ತಗೊಳ್ಳಿ, ಈ ತಲೆನೋವೇ ಇಲ್ಲ. 105 ಮಿ.ಮೀ. ಇಂಡಸ್ಟಾರ್ ಲೆನ್ಸ್ ಅಂದ್ರೆ ಬಂಡೆ.

ಕತ್ತಲೆಕೋಣೆ: ಬಂಡೆನೇ, ತೂಕದಲ್ಲಿ. ಅದು ಸೂಪರ್ ಐಕೊಂಟಾದ ನಕಲು ಗುರು. ಅದೇ ತೋಳು, ಅದೇ ಬೆಣೆಗಾಜು, ಅದೇ ತಲೆನೋವು.

ಕೆಂಪುಡಬ್ಬಿ: ನಕಲಾದ್ರೆ ಏನೀಗ? ನಿಮ್ಮ ಜರ್ಮನ್ ಐಸೊಲೆಟಲ್ಲಿ ಅಂಕಿ ಓದಿ ಕೈಯಲ್ಲಿ ಇಡಬೇಕು. ನಮ್ಮದು ತಾನೇ ಹೊಂದಿಕೊಳ್ಳುತ್ತೆ.

ಕತ್ತಲೆಕೋಣೆ: ತಪ್ಪಾಗಿ ಹೊಂದಿಕೊಳ್ಳುತ್ತೆ. ಕಳೆದ ವಾರ ನೀವು ಹಾಕಿದ್ದ ಕೆರೆ ಫೋಟೋ ನೋಡಿದೀವಿ.

ಕೆಂಪುಡಬ್ಬಿ: ಅದು ಮುಂಜಾನೆ ಮಂಜು ಸ್ವಾಮಿ! ನಿಜವಾದ ಮಂಜು!

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಗದಗಿನಾಂವ: ಲೈಟರ್ ಫ್ಲೂಯಿಡ್ ಸಿಗಲಿಲ್ರೀ. ಮನ್ಯಾಗ ನೇಲ್ ಪಾಲಿಷ್ ರಿಮೂವರ್ ಐತಿ. ನಡೀತೈತಿ?

ರಿಪೇರಿ ಮೇಷ್ಟ್ರು: ಬೇಡ. ಉಂಗುರದ ಅಂಕಿಗಳ ಬಣ್ಣ ಹೋಗುತ್ತೆ, ಬಾಟಲಿಯಲ್ಲಿ ಎಣ್ಣೆ ಬೆರೆಸಿರ್ತಾರೆ. ಸಿಗೋವರೆಗೆ ಕಾಯಿರಿ. ಅದು ಎಷ್ಟೋ ವರ್ಷದಿಂದ ಹಾಗೇ ಕೂತಿದೆ, ಇನ್ನೆರಡು ದಿನ ಕೂರುತ್ತೆ.

ಮಂಡ್ಯ ಮಾಮ: ಮೇಲೆ ನೋಡಿದೆ. ಚಕ್ರದಲ್ಲಿ 10 ಬಂತು, ಲೆನ್ಸಲ್ಲೂ 10 ಇಟ್ಟೆ. ಆದ್ರೂ ಮಂಜು.

ರಿಪೇರಿ ಮೇಷ್ಟ್ರು: ಚಕ್ರ ಅಡಿಯಲ್ಲಿದೆಯಾ, ಲೆನ್ಸ್ ಮೀಟರಿನಲ್ಲಿದೆಯಾ?

ಮಂಡ್ಯ ಮಾಮ: ಚಕ್ರದ ಮೇಲೆ ಅಡಿ ಅಂತ ಗುರುತಿದೆ. ಲೆನ್ಸ್ ಮೇಲೆ ‘ಎಂ’ ಅಂತಿದೆ. ಹಾಗಂದ್ರೆ ಮೀಡಿಯಂ ಅಲ್ವಾ?

ರಿಪೇರಿ ಮೇಷ್ಟ್ರು: ಮೀಟರ್! ಯಾರೋ ಲೆನ್ಸ್ ಬದಲಾಯಿಸಿದ್ದಾರೆ. 10 ಅಡಿ ಅಂದ್ರೆ 3 ಮೀಟರ್.

ಬಿಸಿಲುಕುದುರೆ: ಇದಕ್ಕೆಲ್ಲ ಇಷ್ಟು ಕಷ್ಟ ಯಾಕೆ, ಫೋನಲ್ಲೇ ತೆಗೀಬಹುದಲ್ಲ?

ಕತ್ತಲೆಕೋಣೆ: ಟೂತ್‌ಪೇಸ್ಟ್ ಹಚ್ಚಿ ತೆಗೀರಿ.

ಅಡ್ಮಿನ್: ವೈಯಕ್ತಿಕ ಮಾತು ಬೇಡ ಅಂತ ಎಷ್ಟು ಸಲ ಹೇಳಬೇಕು?

ಶಿರಸಿಯವ: ಬೆಲ್ಲೋಸಿನ ತೂತಿಗೆ ಯಾರಾದರೂ ಹೇಳ್ತೀರಾ?

ಪುತ್ತೂರಿನಾಕೆ: ಸರ್, ಅಳೆದೆ. ಕಣ್ಣಿಂದ ಬೆಂಡೋಲೆಗೆ ಸರಿಯಾಗಿ 11 ಸೆಂ.ಮೀ. ಅಜ್ಜಿ ನಗುತ್ತಾ ಇದ್ದಾರೆ, ಮುಖಕ್ಕೆ ಟೇಪ್ ಹಿಡಿದದ್ದು ಯಾಕೆಂದು.

ರಿಪೇರಿ ಮೇಷ್ಟ್ರು: ಗಾಜು ಸಿಕ್ಕಿದ ಮೇಲೆ ಅವರನ್ನೇ ಮತ್ತೆ ಕೂರಿಸಿ ತೆಗೀರಿ, 2.8ರಲ್ಲೇ. ಇನ್ನೊಂದು ಮಾತು: ಕ್ಯಾಮೆರಾ ತೆರೆದ ಮೇಲೆ ಫಿಲ್ಮ್ ಸುತ್ತಿ. ಸುತ್ತಿಟ್ಟು ಆಮೇಲೆ ತೆರೆದ್ರೆ ಬೆಲ್ಲೋಸ್ ಗಾಳಿ ಎಳೆದು ಫಿಲ್ಮನ್ನ ಮುಂದಕ್ಕೆ ಉಬ್ಬಿಸುತ್ತೆ. ಆಗ ಹಳಿ ಸರಿಯಿದ್ದೂ ಪ್ರಯೋಜನವಿಲ್ಲ. ನಾನಿನ್ನು ಅಂಗಡಿ ಬಾಗಿಲು ಹಾಕಬೇಕು.

ಹೊಸ ಸದಸ್ಯ: ನಮಸ್ತೆ. ಐಸೊಲೆಟ್ 3 ಇದೆ. ಚಕ್ರ ತಿರುಗಿಸಿದರೆ ಲೆನ್ಸ್ ತಿರುಗುತ್ತಿಲ್ಲ.

ಮಂಡ್ಯ ಮಾಮ: ಮೇಲೆ ನೋಡಿ.

ಶಿರಸಿಯವ: ತೂತು?